ಮಾದರಿಗೆ ಹನ್ನೆರಡು ಮೀನು

ಸರಕಾರಕ್ಕೆ ಅರ್ಜಿ ಹಾಕಿದವನಿಗೆ ಉತ್ತರ ಬಾರದಿದ್ದರೆ ಅದು ಅವನ ಪುಣ್ಯ. ಮಾನಪ್ಪ ಅಂಬಿಗನ ಪುಣ್ಯ ಮೂರು ವರ್ಷ ನಡೆದು, ಎಪ್ಪತ್ತಾರನೆಯ ಇಸವಿಯ ಆಷಾಢದಲ್ಲಿ ಮುಗಿದುಹೋಯಿತು. ಗುರುವಾರ ಬೆಳಿಗ್ಗೆ ಟಪಾಲಿನವ ಅವನ ಗುಡಿಸಲ ಮುಂದೆ ಸೈಕಲ್ ನಿಲ್ಲಿಸಿ, ನಾಲ್ಕು ದಿನದಿಂದ ಚೀಲದಲ್ಲೇ ಇಟ್ಟುಕೊಂಡಿದ್ದ ಕಂದು ಲಕೋಟೆಯನ್ನು ಕೈಗಿಟ್ಟು ಹೋದ.

ಮಾನಪ್ಪನಿಗೆ ಓದಲು ಬಾರದು. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೀರಾಸಾಬನ ಮನೆಗೆ ಓಡಿದ. ಮೀರಾಸಾಬ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಬಿದರಮಡು ಊರಿನ ಅರ್ಜಿಗಳೆಲ್ಲ ಅವನ ಪೆನ್ನಿನಿಂದಲೇ ಹುಟ್ಟುತ್ತಿದ್ದವು.

"ಕಾಕಾ, ಮೀನಿನ ಖಾತೆಯಿಂದ ಬಂದೈತಿ," ಎಂದ ಮೀರಾಸಾಬ. "ಸಾಹೇಬ್ರು ಸ್ಥಳ ತನಿಖೆಗೆ ಬರ್ತಾರಂತ. ಅರ್ಜಿದಾರನು ತನ್ನ ಸಾಧನ ಸಾಮಗ್ರಿಗಳೊಂದಿಗೆ ಹಾಜರಿರತಕ್ಕದ್ದು ಅಂತ ಬರದಾರ."

"ಯಾವತ್ತ ಬರ್ತಾರ?"

ಮೀರಾಸಾಬ ಗೋಡೆಯ ಕ್ಯಾಲೆಂಡರು ನೋಡಿದ, ಮತ್ತೆ ಕಾಗದ ನೋಡಿದ. "ಇವತ್ತ," ಎಂದ.

ತಂಗಡಗಿಯಿಂದ ಹೊಳೆಯ ಗುಂಟ ಒಂದು ಹರದಾರಿ ಮೇಲಕ್ಕೆ ನಡೆದರೆ ಬಿದರಮಡು ಸಿಗುತ್ತದೆ. ಅಲ್ಲಿ ಕೃಷ್ಣೆ ಬಂಡೆಗೆ ಬಡಿದು ತಿರುಗಿಕೊಳ್ಳುವ ಜಾಗದಲ್ಲಿ ಒಂದು ಆಳವಾದ ಮಡುವಿದೆ. ಅದರ ಹೆಸರು ಅಕ್ಕನ ಮಡು. ಮುಂಗಾರಿನ ಹೊಸ ನೀರು ಬಂದಾಗ ಕೆಳಗಿನಿಂದ ಬಾಳೆಮೀನುಗಳು ತತ್ತಿ ಹೊತ್ತು ಅಲ್ಲಿಗೆ ಏರಿ ಬರುತ್ತವೆ. ಅಂಬಿಗರ ಲೆಕ್ಕದಲ್ಲಿ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹೊಸ ನೀರಿನ ಮೊದಲ ಸೋಮವಾರ ಅಂಬಿಗರ ಹೆಂಗಸರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತಂದು ಮಡುವಿಗೆ ಉಡಿ ತುಂಬುತ್ತಾರೆ. ಅಂದಿನಿಂದ ಗಣಪತಿ ಹಬ್ಬದವರೆಗೆ ಅಲ್ಲಿ ಯಾರೂ ಬಲೆ ಇಳಿಸುವುದಿಲ್ಲ. ಮಾನಪ್ಪನ ಮುತ್ತಜ್ಜನೂ ಇಳಿಸಿರಲಿಲ್ಲ. ಹೊಟ್ಟೆಗಿಲ್ಲದ ವರ್ಷಗಳಲ್ಲಿ ಗೆಣಸು ಬೇಯಿಸಿ ತಿಂದರೇ ಹೊರತು ಆ ಮಡುವಿನ ಮೀನು ಮುಟ್ಟಲಿಲ್ಲ.

ಈ ಕಟ್ಟಳೆಗೆ ಮೊದಲ ಸಲ ಕಲ್ಲು ಬಿದ್ದದ್ದು ಪಂಚಾಯಿತಿ ಚೇರಮನ್ ಶಂಕರೆಪ್ಪ ಹೊಳೆಯ ಮೀನಿನ ಗುತ್ತಿಗೆ ಹಿಡಿದಾಗ. ಶಂಕರೆಪ್ಪ ಮೀನು ಮುಟ್ಟುವವನಲ್ಲ, ದಿನಾ ಲಿಂಗಪೂಜೆ ತಪ್ಪಿಸದ ಮನುಷ್ಯ. ಮಾರುವುದಕ್ಕೆ ಮುಟ್ಟುವ ಅಗತ್ಯವೂ ಇರಲಿಲ್ಲ. ಅವನ ಆಳುಗಳು ವಾರಕ್ಕೆರಡು ಸಲ ಬಂಡೆ ಒಡೆಯುವ ಮದ್ದಿನ ಕಡ್ಡಿಗೆ ಬೆಂಕಿ ಹಚ್ಚಿ ಮಡುವಿಗೆ ಎಸೆಯುತ್ತಿದ್ದರು. ಢಮ್ಮೆಂದ ಮೇಲೆ ದೊಡ್ಡದು, ಸಣ್ಣದು, ಬಸುರಿ, ಮರಿ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ದೊಡ್ಡವು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸೊಲ್ಲಾಪುರಕ್ಕೆ ಹೋಗುತ್ತಿದ್ದವು. ಉಳಿದವನ್ನು ಊರವರು ಬುಟ್ಟಿಯಲ್ಲಿ ಬಾಚಿಕೊಂಡು ಹೋಗುತ್ತಿದ್ದರು. ಹೀಗೆ ಇನ್ನೊಂದೆರಡು ಮಳೆಗಾಲ ನಡೆದರೆ ಮಡುವಿನಲ್ಲಿ ಕಪ್ಪೆಯೂ ಉಳಿಯುವುದಿಲ್ಲ ಎಂದು ಮಾನಪ್ಪನಿಗೆ ಗೊತ್ತಿತ್ತು. ಅದಕ್ಕೇ ಅರ್ಜಿ.

ಮೊದಲ ವರ್ಷದ ಅರ್ಜಿಯಲ್ಲಿ ಮೀರಾಸಾಬ ತನ್ನ ವಿದ್ಯೆಯನ್ನೆಲ್ಲ ಸುರಿದು, 'ಬಸುರಿ ಹೆಣ್ಣುಮಕ್ಕಳು ಆಶ್ರಯ ಬೇಡಿ ನಮ್ಮಲ್ಲಿಗೆ ಬರುತ್ತಿದ್ದು, ಅವರ ಪ್ರಾಣಕ್ಕೆ ಅಪಾಯವಿದೆ' ಎಂದು ಬರೆದಿದ್ದ. ಅದು ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ, ಎರಡು ತಿಂಗಳಿಗೆ ಒಬ್ಬ ನರ್ಸಬಾಯಿ ಚೀಲ ಹಿಡಿದು ಬಂದಳು. ಬಸುರಿಯರು ಸಿಗದೆ, ಐವತ್ತೆರಡು ವರ್ಷದ ಲಕ್ಕವ್ವನ ತೂಕ ನೋಡಿ, ಅವಳ ಕೈಗೆ ಕಬ್ಬಿಣದ ಗುಳಿಗೆ ಕೊಟ್ಟು ಹೋದಳು. ಲಕ್ಕವ್ವ ಅಂದರೆ ಮಾನಪ್ಪನ ಹೆಂಡತಿ. ಆ ಗುಳಿಗೆಯ ನೆನಪಾದಾಗೆಲ್ಲ ಅವಳಿಗೆ ಸರಕಾರದ ಮೇಲೆ ಸಿಟ್ಟು ಬರುತ್ತಿತ್ತು.

"ಸಾಹೇಬ್ರು ಬರೋದು ಮಡು ಉಳಸಾಕ ಅಂತೀರಿ," ಎಂದಳು ಅವಳು, ಗಂಡ ಗಳದ ಮೇಲಿನ ಬಲೆ ಇಳಿಸುತ್ತಿದ್ದುದನ್ನು ನೋಡಿ. "ಮತ್ತ ಬಲೀ ಯಾಕ ಒಯ್ಯಾಕತ್ತೀರಿ?"

"ಸಾಮಾನ ತಗೊಂಡು ಬಾ ಅಂದಾರ. ನಂದ ಸಾಮಾನ ಅಂದ್ರ ಇದ ಒಂದ."

"ಸೋಮವಾರ ಉಡಿ ತುಂಬೇನಿ. ಅದರಾಗ ಬಲೀ ಇಳಿಸಿದ್ರ ನಾ ಮನ್ಯಾಗ ಇರಾಂಗಿಲ್ಲ ನೋಡ್ರಿ."

"ಹುಚ್ಚಿ, ಇಳಸ್ತೇನೇನ ನಾ?" ಎಂದು ಮಾನಪ್ಪ ಬಲೆಯನ್ನು ಹೆಗಲಿಗೆ ಹಾಕಿಕೊಂಡು, ಒಗೆದ ಧೋತರ ಉಟ್ಟು, ಮದುವೆಗೆ ಹೊರಟವನ ಹುರುಪಿನಲ್ಲಿ ಹೊಳೆಗೆ ನಡೆದ.

ಜೀಪು ಹನ್ನೊಂದಕ್ಕೆ ಬಂತು. ಅದು ಎಮರ್ಜನ್ಸಿಯ ಕಾಲ. ಎಲ್ಲ ಖಾತೆಗಳಿಗೂ ಮೇಲಿನಿಂದ ಗುರಿ ಕೊಟ್ಟಿದ್ದರು: ಡಾಕ್ಟರಿಗೆ ಇಷ್ಟು ಆಪರೇಶನ್ನು, ಮಾಸ್ತರಿಗೆ ಇಷ್ಟು ಗಿಡ, ಮೀನಿನ ಖಾತೆಗೆ ಜಿಲ್ಲೆಗೊಂದು ಮೀನುಧಾಮ. ಧಾಮ ಅಂದರೆ ಮೀನು ಹಿಡಿಯಬಾರದೆಂದು ಬೋರ್ಡು ಹಾಕಿದ ನೀರು. ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಸಾಹೇಬರು ಧೂಳು ಹಿಡಿದ ಕಟ್ಟುಗಳನ್ನೆಲ್ಲ ತಿರುವಿ ಹಾಕಿ ಮಾನಪ್ಪನ ಅರ್ಜಿ ಹುಡುಕಿ ತೆಗೆದಿದ್ದರು.

ಸಾಹೇಬರು ಮಂಗಳೂರ ಸೀಮೆಯವರು. ಸಮುದ್ರದ ದಂಡೆಯಲ್ಲಿ ಹುಟ್ಟಿ ಬೆಳೆದವರನ್ನು ಸರಕಾರ ಈ ಬಿಸಿಲಿಗೆ ತಂದು ಹಾಕಿದ್ದರಿಂದ ಅವರ ಮುಖ ಸದಾ ಬಾಡಿರುತ್ತಿತ್ತು. ಅವರ ಹಿಂದೆ ಗುಮಾಸ್ತ ಬಸಂತರಾಯ ಇಳಿದ. ಅವನು ಬಸವನ ಬಾಗೇವಾಡಿಯವನು, ಹನ್ನೊಂದು ವರ್ಷದಿಂದ ಮೀನಿನ ಖಾತೆಯಲ್ಲಿದ್ದರೂ ಒಂದು ಮೀನನ್ನೂ ಮುಟ್ಟಿದವನಲ್ಲ. ಮನೆಯಲ್ಲಿ ತಾನು ಬೇಸಾಯದ ಖಾತೆಯಲ್ಲಿದ್ದೇನೆಂದು ಹೇಳಿದ್ದ. ಮೀನಿನ ವಾಸನೆ ಬಂದ ಕೂಡಲೆ ಕಿಸೆಯಿಂದ ವಿಭೂತಿಗಟ್ಟಿ ತೆಗೆದು ಮೂಸುವುದು ಅವನ ರೂಢಿ. ಮೂರನೆಯವನಾಗಿ, ಯಾರೂ ಕರೆಯದಿದ್ದರೂ, ಚೇರಮನ್ ಶಂಕರೆಪ್ಪ ಇಳಿದ. ದಾರಿಯಲ್ಲಿ ಜೀಪಿಗೆ ಕೈ ಮಾಡಿ ಹತ್ತಿಕೊಂಡಿದ್ದನಂತೆ.

"ಏನ್ ಮಾನ್ಯಾ, ಸರಕಾರಾನ ಹೊಳೀ ದಂಡಿಗೆ ತಂದೆಲ್ಲ," ಎಂದು ಅವನು ನಕ್ಕ.

ಅಷ್ಟರಲ್ಲಿ ಅರ್ಧ ಊರು ನೆರೆದಿತ್ತು. ಎಲ್ಲರ ಮುಂದೆ ಚಾದಂಗಡಿಯ ಯಂಕಂಚೆಪ್ಪ. ಊರಿನಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಅವನಿಗೆ ಗೊತ್ತಾಗಬೇಕು, ಯಾರು ಏನು ಕೇಳಿದರೂ ಉತ್ತರ ಅವನೇ ಕೊಡಬೇಕು.

ಬಸಂತರಾಯ ನಮೂನೆಯ ಕಾಗದ ಬಿಡಿಸಿದ. ಅದು ಸಮುದ್ರಕ್ಕೆಂದು ಅಚ್ಚು ಹಾಕಿಸಿದ್ದು. ಈ ಜಿಲ್ಲೆಯಿಂದ ಸಮುದ್ರ ಎಷ್ಟು ದೂರವೆಂದು ಅಚ್ಚು ಹಾಕಿಸಿದವರಿಗೆ ಹೊಳೆದಿರಲಿಲ್ಲ, ಹೊಳೆದವರಿಗೆ ಬೇರೆ ನಮೂನೆ ಮಾಡಿಸುವ ಅಧಿಕಾರವಿರಲಿಲ್ಲ.

"ಕಾಲಂ ಒಂದು. ಅಲೆಗಳ ಎತ್ತರ," ಎಂದು ಓದಿದ.

ಸಾಹೇಬರು ಮಡುವನ್ನು ನೋಡಿದರು. ನೀರು ಮಿಸುಕದೆ ಮಲಗಿತ್ತು. "ಸೊನ್ನೆ ಬರಿ ಮಾರಾಯ."

"ಸೊನ್ನೆ ಬರದ್ರ ಮ್ಯಾಲಿನವರು ತನಿಖೀನ ಆಗಿಲ್ಲ ಅಂತಾರ್ರಿ ಸರ. ಹ್ವಾದ ಸಲ ಹಂಗ ವಾಪಸ್ ಬಂದಿತ್ತು."

ಕೂಡಲೆ ಯಂಕಂಚೆಪ್ಪ ಒಂದು ದಪ್ಪ ಕಲ್ಲು ಎತ್ತಿ ಮಡುವಿಗೆ ಹಾಕಿದ. ಎದ್ದ ಅಲೆಯನ್ನು ಅಂದಾಜು ಮಾಡಿ ಬಸಂತರಾಯ ಆರು ಇಂಚು ಎಂದು ಬರೆದುಕೊಂಡ. ಸಾಹೇಬರ ಪ್ಯಾಂಟು ಒದ್ದೆಯಾಯಿತು.

"ಕಾಲಂ ನಾಲ್ಕು. ರಕ್ಷಿಸಬೇಕಾದ ಜಲಜೀವಿಗಳು. ಕಡಲಾಮೆ, ತಿಮಿಂಗಿಲ, ಇತರೆ."

"ಮೊಸಳಿ ಐತ್ರಿ ಸಾಹೇಬ್ರ," ಎಂದು ಯಂಕಂಚೆಪ್ಪ ಊರಿನ ಮಾನ ಉಳಿಸಲು ಮುಂದೆ ಬಂದ. "ದೊಡ್ಡದ ಐತಿ. ನನ್ನ ಕಣ್ಣೀಲೆ ಕಂಡೇನಿ. ಏ, ನೀವೂ ಕಂಡೀರಿಲ್ಲಪಾ?"

"ಹೌದ್ರಿ, ಹೌದ್ರಿ," ಎಂದು ಹತ್ತು ಬಾಯಿ ಕೂಡಿದವು. ಒಬ್ಬ ಅದರ ಉದ್ದ ತೋರಿಸಿದ, ಇನ್ನೊಬ್ಬ ಅದು ತನ್ನ ಮೇಕೆ ನುಂಗಿದ ವಾರ ಹೇಳಿದ.

ಸಾಹೇಬರು ನಾಲ್ಕು ಹೆಜ್ಜೆ ಹಿಂದೆ ಸರಿದು ಪೆನ್ನು ಮುಚ್ಚಿದರು. "ಮೊಸಳೆ ಇದ್ದರೆ ಇದು ಅರಣ್ಯದವರಿಗೆ ಸೇರಿದ್ದು. ನಮಗೆ ಸಂಬಂಧ ಇಲ್ಲ. ಫೈಲು ಅಲ್ಲಿಗೆ ಕಳಿಸುವ. ಒಂದು ನಾಲ್ಕು ವರ್ಷ ಆಗ್ಬಹುದು."

ಮಾನಪ್ಪ ಲೆಕ್ಕ ಹಾಕಿದ. ನಾಲ್ಕು ವರ್ಷದಲ್ಲಿ ಶಂಕರೆಪ್ಪ ಮಡುವನ್ನು ಬರಿದು ಮಾಡಿ ಬಂಡೆಯನ್ನೂ ಮಾರುತ್ತಾನೆ. ಅವನು ಒಬ್ಬೊಬ್ಬರ ಗದ್ದ ಹಿಡಿದು ಬೇಡಿಕೊಂಡ. "ಯಪ್ಪಾ, ಮೊಸಳಿ ಇಲ್ಲ ಅನ್ರಪಾ. ಐವತ್ತ ವರ್ಷ ಇದರಾಗ ಮುಳುಗೇನಿ, ಒಂದ ಹಲ್ಲಿ ಸೈತ ಕಂಡಿಲ್ಲ ನಾ." ಮೇಕೆ ಕಳಕೊಂಡವನು ತೋಳ ಇದ್ದರೂ ಇರಬಹುದೆಂದ. ಯಂಕಂಚೆಪ್ಪ ಮಾತ್ರ ಬಹಳ ಹೊತ್ತು ಒಪ್ಪಲಿಲ್ಲ. ಕಡೆಗೆ ಅದು ಮರದ ದಿಮ್ಮಿ ಆಗಿತ್ತೆಂದು ಎಲ್ಲರೆದುರು ಹೇಳುವಾಗ, ತಾನು ಸಾಕಿದ ಮೊಸಳೆಯೇ ಸತ್ತಷ್ಟು ಅವನಿಗೆ ಬೇಜಾರಾಗಿತ್ತು.

ಸಾಹೇಬರು ಪೆನ್ನು ತೆರೆದರು. "ಕಾಲಂ ಏಳು. ಮೀನು ಇದಾವೋ ಇಲ್ಲವೋ?"

"ಅದಾವ್ರಿ ಸಾಹೇಬ್ರ," ಎಂದ ಮಾನಪ್ಪ. "ತತ್ತಿ ತುಂಬಿಕೊಂಡು ಬಂದಾವ. ನಸುಕಿನ್ಯಾಗ ಬಂದ್ರ ಜಿಗಿಯೋದ ಕಾಣತೈತಿ."

"ನಸುಕಿಗೆ ನಾನೆಲ್ಲಿ ಬರುವುದು? ನನಗೆ ಈಗ ಕಾಣಬೇಕು. ಬಲೆ ತಂದಿದ್ದೀಯಲ್ಲ, ಹಾಕು."

ಮಾನಪ್ಪ ಬಲೆಯನ್ನು ಎದೆಗೊತ್ತಿಕೊಂಡ. "ಅದೊಂದ ಹೇಳಬ್ಯಾಡ್ರಿ. ಉಡಿ ತುಂಬಿದ ಮ್ಯಾಗ ಇಲ್ಲಿ ಬಲೀ ಹಾಕಾಂಗಿಲ್ರಿ. ಅದನ್ನ ಉಳಸ್ರಿ ಅಂತನ ಅರ್ಜಿ ಕೊಟ್ಟೇನಿ."

"ಅದೇ ಮಾರಾಯ. ಮೀನು ಇದೆ ಅಂತ ಸಾಬೀತಾದರೆ ಅಲ್ಲವಾ ಉಳಿಸುವುದು? ಇಲ್ಲದಿದ್ದರೆ ನಾನು ಯಾವುದಕ್ಕೆ ರಕ್ಷಣೆ ಕೊಡಲಿ, ನೀರಿಗಾ?"

ಮಾತು ನ್ಯಾಯದ್ದೇ. ಮಾನಪ್ಪ ಮೀರಾಸಾಬನಿಗಾಗಿ ಸುತ್ತಲೂ ನೋಡಿದ. ಆದರೆ ಮೀರಾಸಾಬ ಅಲ್ಲಿರಲಿಲ್ಲ. ಸಾಹೇಬರಿಗೆ ಗೋಲಿಸೋಡಾ ಬೇಕೆಂದು ಚೇರಮನ್ ಅವನ ಕೈಗೆ ಸೈಕಲ್ ಕೊಟ್ಟು ಆಗಲೇ ತಂಗಡಗಿಗೆ ಅಟ್ಟಿದ್ದ.

"ಹಾಕ ಮಾನ್ಯಾ," ಎಂದ ಶಂಕರೆಪ್ಪ ಪ್ರೀತಿಯಿಂದ. "ಒಂದ ಮೀನಿಗೆ ನಿನ್ನ ಅಕ್ಕ ಏನ್ ಮುನಿಯಾಂಗಿಲ್ಲ."

ಮಡು ಉಳಿಯುವುದಾದರೆ ಒಂದು ಮೀನು ಹೋಗಲಿ ಎಂದು ಮಾನಪ್ಪ ಗಟ್ಟಿ ಮನಸ್ಸು ಮಾಡಿದ. ಹರಗೋಲು ಇಳಿಸಿದ, ನೀರಿಗೆ ಕೈ ಮುಗಿದ, ಕಣ್ಣು ಮುಚ್ಚಿ ಬಲೆ ಎಸೆದ. ಎಳೆದಾಗ ಒಂದು ಮೊಳಕ್ಕಿಂತ ಉದ್ದದ ಬಾಳೆಮೀನು ಹೊಟ್ಟೆ ಉಬ್ಬಿಸಿಕೊಂಡು ಬಲೆಯಲ್ಲಿ ಒದ್ದಾಡುತ್ತಿತ್ತು. ದಂಡೆಗೆ ತಂದು ಸಾಹೇಬರ ಬೂಟಿನ ಮುಂದೆ ಇಟ್ಟ. "ನೋಡಿದ್ರೆಲ್ರಿ. ಬಿಡ್ತೇನಿ ಈಗ," ಎಂದ.

"ತಡಿ, ತಡಿ," ಎಂದ ಬಸಂತರಾಯ, ವಿಭೂತಿಯನ್ನು ಮೂಗಿನಿಂದ ತೆಗೆಯದೆಯೇ. "ಮಾದರಿ ಹನ್ನೆರಡಕ್ಕೆ ಕಡಿಮೆ ಇರಕೂಡದು ಅಂತ ಅಚ್ಚಾಗೈತಿ. ಒಂದಕ್ಕ ಕಾಲಂ ತುಂಬಂಗಿಲ್ಲ."

ಹನ್ನೆರಡು. ಮಾನಪ್ಪ ಮತ್ತೆ ಇಳಿದ. ಎರಡನೆಯದಕ್ಕೆ ಕೈ ಮುಗಿದ, ಮೂರನೆಯದಕ್ಕೂ ಮುಗಿದ, ಆಮೇಲೆ ಮುಗಿಯಲು ನಾಚಿಕೆಯಾಯಿತು. ಸುದ್ದಿ ಕೇಳಿ ಲಕ್ಕವ್ವ ದಂಡೆಗೆ ಬಂದಳು. ಅವಳು ಬೈಯಲಿಲ್ಲ. ಸೋಮವಾರ ತಾನೇ ಖಣ ಬಿಟ್ಟ ನೀರಿನಲ್ಲಿ ಗಂಡ ಬಲೆ ಎಳೆಯುವುದನ್ನು ನೋಡಿದಳು, ಸೆರಗು ಬಾಯಿಗೆ ಹಿಡಿದು ಮನೆಗೆ ತಿರುಗಿದಳು. ಬೈದಿದ್ದರೆ ಮಾನಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಹನ್ನೆರಡೂ ಮರಳಿನ ಮೇಲೆ ಸಾಲಾಗಿ ಮಲಗಿದವು. ಬಸಂತರಾಯ ಹತ್ತು ಅಡಿ ದೂರದಲ್ಲಿ ನಿಂತು ಬಿದಿರಿನ ಕೋಲಿನಿಂದ ಅವುಗಳ ಉದ್ದ ಅಳೆದ. ಕಾಲಂ ಎಂಟರಲ್ಲಿ ತತ್ತಿ ಇರುವುದು ಖಾತ್ರಿಯಾಗಬೇಕು ಎಂದಿತ್ತು. ಜೀಪಿನ ಡ್ರೈವರ್ ಚಾಕು ತಂದು ಒಂದೊಂದರ ಹೊಟ್ಟೆಯನ್ನೂ ಸೀಳಿದ. ಕೆಂಪು ಹಳದಿ ತತ್ತಿ ಮುಷ್ಟಿ ಮುಷ್ಟಿ ಮರಳಿಗೆ ಸುರಿಯಿತು.

"ಪರವಾಗಿಲ್ಲ, ಒಳ್ಳೆ ಸಂತಾನೋತ್ಪತ್ತಿ ಕೇಂದ್ರ," ಎಂದರು ಸಾಹೇಬರು ಸಂತೋಷದಿಂದ. "ಇದನ್ನು ಖಂಡಿತ ಉಳಿಸಬೇಕು."

ಮಾನಪ್ಪ ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಹೋಗಲಿ, ಉಳಿದವು ಬದುಕಿದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡ.

"ಕಾಲಂ ಹನ್ನೊಂದು," ಎಂದ ಬಸಂತರಾಯ. "ಸದರಿ ಸ್ಥಳಕ್ಕೆ ಇರುವ ಅಪಾಯ. ಯಾರಿಂದ, ಹೇಗೆ."

ಈ ಕಾಲಂಗಾಗಿಯೇ ಮಾನಪ್ಪ ಮೂರು ವರ್ಷ ಕಾದದ್ದು. ಹೆಗಲ ಮೇಲಿನ ಒದ್ದೆ ಬಲೆ ಬೆನ್ನಿಗೆಲ್ಲ ನೀರಿಳಿಸುತ್ತಿದ್ದರೂ ಅವನು ನೆಟ್ಟಗೆ ನಿಂತ. "ಮದ್ದ ಹಾಕ್ತಾರ್ರಿ ಸಾಹೇಬ್ರ. ವಾರದಾಗ ಎರಡ ಸಲ."

"ಯಾರು?"

ಮಾನಪ್ಪ ಜೀವ ಗಟ್ಟಿ ಮಾಡಿ ಹೇಳಿಯೇಬಿಟ್ಟ. "ಚೇರಮನ್ರ ಮಂದಿ."

ಶಂಕರೆಪ್ಪ ಸಿಟ್ಟಾಗಲಿಲ್ಲ. ಹಣೆಯ ವಿಭೂತಿ ಒಮ್ಮೆ ಮುಟ್ಟಿಕೊಂಡು, "ಮಂದೀನ ಕೇಳ್ರಿ ಸಾಹೇಬ್ರ. ಕೂಡಿದ ಮಂದೀನ ದೈವ, ಅವರ ಮಾತಿಗೆ ನಾ ಎದುರಾಡಾಂಗಿಲ್ಲ," ಎಂದ.

ಸಾಹೇಬರು ಜನರ ಕಡೆ ತಿರುಗಿದರು. "ಮದ್ದು ಹಾಕುವುದು ಯಾರಾದರೂ ನೋಡಿದ್ದೀರಾ?"

ಯಂಕಂಚೆಪ್ಪ ಆಕಾಶ ನೋಡಿದ, ಮಳೆ ಬರುವ ಹಾಗಿದೆ ಅಂದ. ಮೇಕೆ ಕಳಕೊಂಡವನಿಗೆ ಕಾಲಿಗೆ ಮುಳ್ಳು ನೆಟ್ಟಿತು.

"ಸದ್ದಾದರೂ ಕೇಳಿದ್ದೀರಾ?"

"ಗುಡುಗಿರಬೇಕ್ರಿ," ಎಂದಿತು ಒಂದು ದನಿ.

ಯಾರೂ ಕಾಣದ ಮೊಸಳೆಗೆ ಹತ್ತು ಸಾಕ್ಷಿ ಸಿಕ್ಕಿದ್ದವು. ಊರಿಗೆ ಊರೇ ಕೇಳಿ, ಬುಟ್ಟಿ ಹಿಡಿದು ಓಡುವ ಮದ್ದಿಗೆ ಒಂದೂ ಸಿಗಲಿಲ್ಲ. ಹೋದ ವಾರ ಇದೇ ಯಂಕಂಚೆಪ್ಪ ಎರಡು ಬುಟ್ಟಿ ಮರಿಮೀನು ಒಯ್ದದ್ದನ್ನು ಮಾನಪ್ಪ ಕಣ್ಣಾರೆ ಕಂಡಿದ್ದ.

"ಕಾಲಂ ಖಾಲಿ ಬಿಡಾಕ ಬರಾಂಗಿಲ್ರಿ ಸರ," ಎಂದ ಬಸಂತರಾಯ ಮೆಲ್ಲಗೆ. "ಅಪಾಯ ಇಲ್ಲ ಅಂದ್ರ ಧಾಮ ಮಂಜೂರ ಆಗಾಂಗಿಲ್ಲ."

"ಊಟ ಆದ ಮೇಲೆ ನೋಡುವ," ಎಂದರು ಸಾಹೇಬರು.

ಊಟ ಚೇರಮನ್ನರ ತೋಟದಲ್ಲಿ ಆಯಿತು. ಮನೆಯೊಳಗೆ ಮೀನು ಹೋಗುವಂತಿರಲಿಲ್ಲವಾದ್ದರಿಂದ ಕಬ್ಬಿನ ಬದುವಿನ ಮೇಲೆ ಮೂರು ಕಲ್ಲು ಹೂಡಿ ಡ್ರೈವರನೇ ಹುರಿದ. ಈ ಜಿಲ್ಲೆಗೆ ಬಂದ ಮೇಲೆ ಸಾಹೇಬರ ಮುಖ ಮೊದಲ ಸಲ ಅರಳಿತು. ಹನ್ನೆರಡು ಮಾದರಿಗಳಲ್ಲಿ ಒಂಬತ್ತನ್ನು ಸಾಹೇಬರೂ ಡ್ರೈವರೂ ಪರಿಶೀಲಿಸಿದರು. ಶಂಕರೆಪ್ಪ ಬೆನ್ನು ತಿರುಗಿಸಿ ಕುಳಿತು ಹೋಳಿಗೆ ತಿಂದ, ಬಸಂತರಾಯ ಜೀಪಿನೊಳಗೆ ಬಾಗಿಲು ಹಾಕಿಕೊಂಡು ರೊಟ್ಟಿ ತಿಂದ. ಮಾನಪ್ಪ ಬದುವಿನ ಆಚೆ ಕುಕ್ಕರಗಾಲಲ್ಲಿ ಕಾದ. ಅವನಿಗೂ ಒಂದು ತುಂಡು ಕೊಡಲು ಬಂದರು. ಅವನು ಎದ್ದು ದೂರ ಹೋದ.

ಮೂರು ಗಂಟೆಗೆ ಬಸಂತರಾಯ ಕರೆದ. ಎಲ್ಲ ಕಾಲಂಗಳೂ ತುಂಬಿದ್ದವು. "ಇಲ್ಲಿ ಹೆಬ್ಬೆಟ್ಟ ಒತ್ತ."

"ಏನ್ ಬರದೀರಿ ರಾಯರ?"

"ಓದಿ ಹೇಳಲಾಯಿತು ಅಂತ ಇಲ್ಲೇ ಕೆಳಗ ಅಚ್ಚಾಗೈತಿ. ಮತ್ತ ಓದಾಕ ಹೊತ್ತಿಲ್ಲ."

"ಧಾಮ ಆತೇನ್ರಿ ಸಾಹೇಬ್ರ?" ಎಂದ ಮಾನಪ್ಪ.

"ಆಯ್ತು ಮಾರಾಯ, ಆಯ್ತು. ಇವತ್ತಿನಿಂದಲೇ. ಇಲ್ಲಿ ಇನ್ನು ಯಾರೂ ಒಂದು ಮೀನು ಹಿಡಿಯುವ ಹಾಗಿಲ್ಲ," ಎಂದು ಸಾಹೇಬರು ಅವನ ಭುಜ ತಟ್ಟಿದರು. ಜನ್ಮದಲ್ಲಿ ಮೊದಲ ಸಲ ಒಬ್ಬ ಸಾಹೇಬ ಅವನನ್ನು ಮುಟ್ಟಿದ್ದ. ಮಾನಪ್ಪ ಹೆಬ್ಬೆಟ್ಟು ಒತ್ತಿದ. ಒಂದು ಸಾಕಾಗದೇ ಹೋದೀತೆಂದು ಎರಡು ಸಲ ಒತ್ತಿದ. ಬಲೆಯ ಕಣ್ಣಿನ ಅಳತೆ ತೆಗೆಯಬೇಕು ಎಂದು ಡ್ರೈವರ್ ಬಲೆಯನ್ನು ಜೀಪಿನ ಹಿಂದೆ ಹಾಕಿಕೊಂಡಾಗಲೂ ಅವನು ತಾನೇ ಕೈಹಚ್ಚಿ ಎತ್ತಿಕೊಟ್ಟ.

ಜೀಪು ಧೂಳೆಬ್ಬಿಸಿ ಹೋಯಿತು. ಮಾನಪ್ಪ ಯಂಕಂಚೆಪ್ಪನ ಅಂಗಡಿಯಲ್ಲಿ ಅರ್ಧ ಸೇರು ಸಕ್ಕರೆ ಉದ್ರಿ ತಂದು, ಸಿಕ್ಕವರ ಕೈಗೆಲ್ಲ ಹಾಕಿದ. ಸಾಕ್ಷಿ ಹೇಳದವರಿಗೂ ಹಾಕಿದ. ಗುಡಿಸಲಿಗೆ ಬಂದು ಲಕ್ಕವ್ವನ ಬಾಯಿಗೂ ಚಿಟಿಕೆ ಹಾಕಲು ಹೋದ. ಅವಳು ಮುಖ ತಿರುಗಿಸಿದಳು.

"ಹನ್ನೆರಡ ಹೆಣ್ಣಮಕ್ಕಳ ಬಸರ ಬಗದ ಬಂದೀರಿ. ಸಕ್ಕರೀ ಹೆಂಗ ಇಳೀತೈತಿ ಗಂಟಲಾಗ?"

"ಹನ್ನೆರಡ ಹ್ವಾದ್ರ ಹನ್ನೆರಡ ಸಾವಿರ ಉಳದ್ವು ಲಕ್ಕವ್ವಾ. ಇನ್ನ ಯಾರೂ ಮದ್ದ ಹಾಕಾಂಗಿಲ್ಲ. ಸರಕಾರ ಬಂದು ನಿಂತೈತಿ."

ಅಷ್ಟು ಹೊತ್ತಿಗೆ ಮೀರಾಸಾಬ ಆರು ಗೋಲಿಸೋಡಾ ಹೇರಿಕೊಂಡು ಬೆವರು ಸುರಿಸುತ್ತ ತಿರುಗಿ ಬಂದ. ಕುಡಿಯಬೇಕಾದವರು ಹೋಗಿಯಾಗಿತ್ತು. ಮಾನಪ್ಪ ಒಂದು ಬಾಟಲಿಯ ಗೋಲಿ ಒತ್ತಿ ಅವನಿಗೇ ಕೊಟ್ಟು, ಕಾರ್ಬನ್ ಹಾಕಿ ಬರೆದ ನಕಲು ಪ್ರತಿಯನ್ನು ಮುಂದೆ ಹಿಡಿದ. "ಓದ ಸಾಬ. ಗಟ್ಟಿಯಾಗಿ ಓದ. ಇಕಿ ಕೇಳ್ಲಿ."

ಮೀರಾಸಾಬ ಗಟ್ಟಿಯಾಗಿಯೇ ಶುರು ಮಾಡಿದ. ಮಡುವನ್ನು ಮೀನುಧಾಮವೆಂದು ಇಂದಿನಿಂದ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಅಲೆಗಳ ಎತ್ತರ ಆರು ಇಂಚು. ಮೊಸಳೆ ಇಲ್ಲ. ಹನ್ನೊಂದನೆಯ ಕಾಲಂಗೆ ಬಂದಾಗ ಅವನ ದನಿ ಇಳಿಯಿತು.

"ಯಾಕ ನಿಂತಿ?"

"'ಸದರಿ ಮಡುವಿಗೆ ಇರುವ ಏಕೈಕ ಅಪಾಯವು ಮಾನಪ್ಪ ಎಂಬ ಅಂಬಿಗನಿಂದ. ಈತನು ತತ್ತಿಯ ಕಾಲದಲ್ಲಿ, ಹಾಡುಹಗಲಿನಲ್ಲಿ, ಅಧಿಕಾರಿಗಳ ಸಮಕ್ಷಮ ಹನ್ನೆರಡು ಗಬ್ಬದ ಮೀನುಗಳನ್ನು ಹಿಡಿದಿರುವುದು ಕಣ್ಣಾರೆ ಕಂಡು ಸಾಬೀತಾಗಿದೆ. ಬಲೆಯನ್ನು ಜಪ್ತಿ ಮಾಡಲಾಗಿದೆ. ಮೀನುಗಳು ಕೆಡುವ ಸಂಭವವಿದ್ದುದರಿಂದ ಸ್ಥಳದಲ್ಲಿಯೇ ವಿಲೇವಾರಿ ಮಾಡಲಾಗಿದೆ. ಈತನೂ ಈತನ ಕುಲಸ್ಥರೂ ಮಡುವಿನ ಇನ್ನೂರು ಮಾರು ಒಳಗೆ ಬರಕೂಡದು.'" ಮೀರಾಸಾಬ ಬೆವರೊರೆಸಿಕೊಂಡ. "ಹನ್ನೆರಡನೇದ ಕಾವಲು. ಗೌರವ ಕಾವಲುಗಾರರು, ಚೇರಮನ್ ಶಂಕರೆಪ್ಪ. ಹೊಳಿ ಗುತ್ತಿಗಿ ಮೊದಲಿನಂಗ ಅವರ ಹೆಸರಿಗೇ ಇರತೈತಿ. ಕೆಳಗ, ಮೇಲಿನದೆಲ್ಲ ನಿಜ ಅಂತ ನಿನ್ನ ಹೆಬ್ಬೆಟ್ಟ ಐತಿ ಕಾಕಾ. ಎರಡ ಅದಾವ."

ಲಕ್ಕವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಬಲೆ ಹೋಯಿತು, ಇನ್ನು ಹೊಟ್ಟೆಗೆ ಏನು ಎಂಬುದು ಮಾನಪ್ಪನ ತಲೆಗೆ ಹತ್ತಿರಲೇ ಇಲ್ಲ. ಅವನು ಬೇರೆಯದನ್ನೇ ಹುಡುಕುತ್ತಿದ್ದ.

"ಸಾಬ, ಮಡು ಉಳೀತಲ್ಲ?" ಎಂದ ಕಡೆಗೆ. "ಯಾರೂ ಮೀನ ಹಿಡೀಬಾರ್ದು ಅಂತ ಬರದೈತಲ್ಲ ಅದರಾಗ?"

"ಹಂಗಂತ ಬರದೈತಿ."

"ಅಷ್ಟಾದ್ರ ಸಾಕ. ನನ್ನ ಹೆಸರ ಹಾಳಾಗಿ ಹೋಗ್ಲಿ. ಅವು ಬದುಕ್ಲಿ."

ಸೂರ್ಯ ಇನ್ನೂ ಮುಳುಗಿರಲಿಲ್ಲ. ಢಮ್ಮೆಂದು ಹೊಳೆಯ ಕಡೆಯಿಂದ ಸದ್ದು ಬಂತು, ಗುಡಿಸಲ ಗಳುಗಳು ಅದುರಿದವು. ಅದರ ಹಿಂದೆಯೇ ಇನ್ನೊಂದು. ಇಷ್ಟು ದೊಡ್ಡ ಸದ್ದು ಹಿಂದೆಂದೂ ಬಂದಿರಲಿಲ್ಲ; ಮೊದಲು ಯಾರಾದರೂ ಕೇಳಿಯಾರೆಂಬ ಭಯಕ್ಕಾದರೂ ಸಲಕ್ಕೆ ಒಂದೇ ಕಡ್ಡಿ ಹಾಕುತ್ತಿದ್ದರು. ಓಣಿಯಲ್ಲಿ ಜನ ದಬದಬ ಓಡುವ ಸಪ್ಪಳ ಕೇಳಿತು. ಮಾನಪ್ಪ ಹೊಸ್ತಿಲು ದಾಟಲು ಹೋಗಿ, ಇನ್ನೂರು ಮಾರಿನ ನೆನಪಾಗಿ, ಅಲ್ಲೇ ಕುಸಿದು ಕುಳಿತ. ಅವನಿಗೆ ಅಳು ಬಂತು. ಮೀರಾಸಾಬನ ಎದುರಿಗೇ, ಮಗು ಅತ್ತ ಹಾಗೆ ಅತ್ತ.

ಅರ್ಧ ತಾಸಿಗೆ ಓಲೆಕಾರ ಮಡಿವಾಳಪ್ಪ ಬಂದು ಅಂಗಳದಲ್ಲಿ ನಿಂತ. ಪಂಚಾಯಿತಿಯ ಸಂಬಳದ ಮನುಷ್ಯ, ಮಾನಪ್ಪನ ಜೋಡಿ ಆಡಿ ಬೆಳೆದವನು. ಮುಖ ಎತ್ತಿ ನೋಡಲಿಲ್ಲ.

"ಮಾನಪ್ಪಣ್ಣಾ, ಚೇರಮನ್ರು ಕರಕೊಂಡ ಬಾ ಅಂದಾರ. ಮುದ್ದೇಬಿಹಾಳ ಠಾಣೇಕ್ಕ ಒಯ್ಬೇಕಂತ. ಧಾಮದಾಗ ಯಾರೋ ಮದ್ದ ಹಾಕ್ಯಾರ. ಕಾವಲುಗಾರ ಅಂದ ಮ್ಯಾಗ ಕೇಸ್ ಮಾಡಬೇಕಾಗತೈತಿ. ಕಾಗದದಾಗ ಅಪಾಯ ಅಂತ ಒಂದ ಹೆಸರ ಐತಿ."

"ನಾ ಇಲ್ಲೇ ಕುಂತೇನಲ್ಲೋ," ಎಂದ ಮಾನಪ್ಪ. "ಮೀರಾಸಾಬ ಕುಂತಾನ. ಲಕ್ಕವ್ವ ಅದಾಳ."

"ಬಲೀ ಜಪ್ತ ಮಾಡಿದ ಸಿಟ್ಟಿಗೆ ಹಾಕ್ಯಾನ ಅಂತ ಬರಸ್ಯಾರ."

"ಯಾರ ಹೇಳಿದ್ರು ಹಂಗ? ಸಾಕ್ಷಿ ಯಾರ ಅದಾರ?"

ಮಡಿವಾಳಪ್ಪ ಕಾಲ ಬೆರಳಿನಿಂದ ಮಣ್ಣು ಕೆದರಿದ. "ಹದಿನಾಲ್ಕ ಮಂದಿ. ನೀ ಕಡ್ಡಿಗೆ ಬೆಂಕಿ ಹಚ್ಚಿದ್ದ ಕಣ್ಣೀಲೆ ಕಂಡೇವಿ ಅಂತ ಹೆಬ್ಬೆಟ್ಟ ಒತ್ಯಾರ. ಮೊದಲನೇದ ಯಂಕಂಚೆಪ್ಪಂದು."

ಮೀರಾಸಾಬ ಜಗಳಕ್ಕೆ ಎದ್ದ. ಮಾನಪ್ಪ ಅವನನ್ನು ಕೈ ಸನ್ನೆಯಲ್ಲೇ ಕೂರಿಸಿ, ರುಮಾಲು ಸುತ್ತಿಕೊಂಡು ಅಂಗಳಕ್ಕೆ ಇಳಿದ. ಲಕ್ಕವ್ವ ಒಳಗೆ ಓಡಿ ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಅವನ ಕೈಗಿಟ್ಟಳು. ಬೆಳಿಗ್ಗೆಯಿಂದ ಅವನು ಏನೂ ತಿಂದಿಲ್ಲವೆಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಮುದ್ದೇಬಿಹಾಳದ ದಾರಿ ಹೊಳೆಯ ದಂಡೆಯ ಮೇಲೆಯೇ ಹೋಗುತ್ತದೆ. ಆ ಕಡೆ ನೋಡಬಾರದು ಎಂದುಕೊಂಡಿದ್ದರೂ ಮಾನಪ್ಪ ನೋಡಿದ. ಮಡುವಿನ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಊರಿಗೆ ಊರೇ ಬುಟ್ಟಿ ಹಿಡಿದು ಮೊಣಕಾಲು ನೀರಿನಲ್ಲಿ ನಿಂತಿತ್ತು, ಮತ್ತು ಸಾಕ್ಷಿ ಹೇಳಿದ ಹದಿನಾಲ್ಕೂ ಮಂದಿ ಎಲ್ಲರಿಗಿಂತ ಮುಂದೆ ಇದ್ದರು.